‘ಶುಗರ್ ಫ್ರೀ’ ಡಬ್ಬಿಯ ಹಿಂಬದಿ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆಯೆಂದರೆ, ಹಬ್ಬಕ್ಕೆ ಬರುವ ನೆಂಟರು ‘ಶುಗರ್ ಫ್ರೀ’ ಸಿಹಿಯ ಡಬ್ಬಿ ಹಿಡಿದೇ ಬರುತ್ತಾರೆ. ‘ಇದರಲ್ಲಿ ಸಕ್ಕರೆ ಇಲ್ಲ, ಎಷ್ಟು ಬೇಕಾದರೂ ತಿನ್ನಿ’ ಎಂಬ ಉಪಚಾರ ಬೇರೆ. ಆ ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ, ಉಳಿದರ್ಧ ಅಪಾಯಕಾರಿ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮದಂತೆ, 100 ಗ್ರಾಂ ತಿನಿಸಿನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ‘ಶುಗರ್ ಫ್ರೀ’ ಎಂದು ಬರೆಯಬಹುದು. ನಿಯಮ ಅಳೆಯುವುದು ಸಕ್ಕರೆಯನ್ನಷ್ಟೇ. ಬಿಸ್ಕತ್ತಿನ ಮೈದಾ, ಲಾಡಿನ ಕಡಲೆಹಿಟ್ಟು, ತುಪ್ಪ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಮೈದಾದ ಪಿಷ್ಟವೂ ಜೀರ್ಣವಾದ ಮೇಲೆ ಗ್ಲೂಕೋಸೇ ಆಗುತ್ತದೆ. ಸಕ್ಕರೆಯ ಜಾಗಕ್ಕೆ ಬರುವ ಮಾಲ್ಟಿಟಾಲ್‌ನಲ್ಲೂ ಗ್ರಾಂಗೆ ಎರಡು ಕ್ಯಾಲೊರಿಗಿಂತ ತುಸು ಹೆಚ್ಚೇ ಇದೆ, ಸಕ್ಕರೆಯಲ್ಲಿ ನಾಲ್ಕು. ಹಾಗಾಗಿ ಮಧುಮೇಹಿಗಳು ಪೋಷಕಾಂಶದ ಪಟ್ಟಿಯಲ್ಲಿ ‘ಒಟ್ಟು ಸಕ್ಕರೆ’ ನೋಡಿ ಸುಮ್ಮನಾಗದೆ, ‘ಕಾರ್ಬೋಹೈಡ್ರೇಟ್’ ಎಂಬ ಸಾಲನ್ನೂ ಓದಲೇಬೇಕು.

‘ನೋ ಆಡೆಡ್ ಶುಗರ್’ ಎಂಬುದರ ಕಥೆಯೇ ಬೇರೆ. ಹೊರಗಿನಿಂದ ಸಕ್ಕರೆ ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಹಣ್ಣಿನ ರಸದಲ್ಲಿ ಹಣ್ಣಿನದೇ ಸಕ್ಕರೆ ಧಾರಾಳವಾಗಿರುತ್ತದೆ.

ಡಯಟ್ ಪಾನೀಯದ ಕ್ಯಾನ್ ಮೇಲೆ ‘ಫಿನೈಲ್‌ಕೀಟೋನೂರಿಯಾ ಇರುವವರಿಗೆ ಸೂಕ್ತವಲ್ಲ’ ಎಂಬ ಸಾಲು ಕಂಡು, ಇದು ಎಲ್ಲರಿಗೂ ವಿಷವೇ ಇರಬೇಕೆಂದು ಹೆದರುವವರಿದ್ದಾರೆ. ಫಿನೈಲ್‌ಕೀಟೋನೂರಿಯಾ ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ. ಇದಿರುವವರ ದೇಹ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಅರಗಿಸಿಕೊಳ್ಳಲಾರದು. ಡಯಟ್ ಪಾನೀಯಕ್ಕೆ ಸಿಹಿ ಕೊಡುವ ಆಸ್ಪರ್ಟೇಮ್‌ನಲ್ಲಿ ಅದಿದೆ, ಹಾಲು, ಬೇಳೆ, ಮೊಟ್ಟೆಯಲ್ಲೂ ಇದೆ. ಉಳಿದವರಿಗೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ.

ಕ್ಯಾನ್ಸರ್ ಭಯ ಹಬ್ಬಿದ್ದು 2023ರ ಜುಲೈನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕ ಇರಬಹುದಾದ ವಸ್ತುಗಳ ಸಾಲಿಗೆ, ಸೇರಿಸಿತು. ಪುರಾವೆ ಸೀಮಿತ ಎಂದೂ ಅದೇ ಹೇಳಿತ್ತು, ಆದರೆ ಆ ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಅದೇ ದಿನ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಒಂದು ಕ್ಯಾನ್‌ನಲ್ಲಿ 200–300 ಮಿಲಿಗ್ರಾಂ ಇದೆ ಎಂದಿಟ್ಟುಕೊಂಡರೆ, 70 ಕಿಲೋ ತೂಗುವವರು ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್‌ಗಿಂತ ಹೆಚ್ಚು ಕುಡಿದರಷ್ಟೇ ಮಿತಿ ದಾಟಿಯಾರು.

ಇಷ್ಟೆಲ್ಲ ಭಯದ ನಡುವೆ, ನಿಜಕ್ಕೂ ಓದಬೇಕಾದ ಇನ್ನೊಂದು ಸಾಲು ಕಣ್ತಪ್ಪಿ ಹೋಗುತ್ತದೆ. ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಪಾಲಿಯಾಲ್‌ಗಳು ಶೇ 10 ಅಥವಾ ಹೆಚ್ಚಿದ್ದರೆ ಭೇದಿಯಾಗಬಹುದೆಂದು ಲೇಬಲ್ಲಿನಲ್ಲಿ ತಿಳಿಸುವುದು ಕಡ್ಡಾಯ. ‘ಎಷ್ಟು ಬೇಕಾದರೂ ತಿನ್ನಿ’ ಎಂದು ತಟ್ಟೆ ಮುಂದಿಡುವ ಮೊದಲು ಓದಬೇಕಾದದ್ದು ಅದನ್ನೇ.