ನಿಮಗಿದು ಗೊತ್ತೇ? ಪುಟ್ಟ ವಿಮಾನದ ಕಿಟಕಿಯಿಂದ ಅಣೆಕಟ್ಟು, ಸೇತುವೆ

★ ಅಮೆರಿಕದ ಹೂವರ್ ಅಣೆಕಟ್ಟಿನ ಎತ್ತರ 221 ಮೀಟರ್, ಉದ್ದ 379 ಮೀಟರ್. ನಮ್ಮ ಕನ್ನಂಬಾಡಿ ಕಟ್ಟೆಯ ಎತ್ತರ ಸುಮಾರು 40 ಮೀಟರ್, ಉದ್ದವೋ ಸುಮಾರು 2.6 ಕಿ.ಮೀ. ಒಂದು ಕಣಿವೆಯ ಸಂದಿಯಲ್ಲಿ ನೆಟ್ಟಗೆ ಎದ್ದು ನಿಂತದ್ದು, ಇನ್ನೊಂದು ಬಯಲಿಗೆ ಅಡ್ಡಲಾಗಿ ಮೈಚಾಚಿ ಮಲಗಿದ್ದು. ಎರಡರಲ್ಲಿ ಯಾವುದನ್ನೇ ಆಗಲಿ, ನೆಲದ ಮೇಲೆ ನಿಂತು ಪೂರ್ತಿ ಸೆರೆಹಿಡಿಯುತ್ತೇನೆಂದರೆ ಆಗದು. ಕಟ್ಟೆ ಸಿಕ್ಕರೆ ಹಿನ್ನೀರು ಸಿಗುವುದಿಲ್ಲ, ಹಿನ್ನೀರು ಸಿಕ್ಕರೆ ಕೆಳಗಿನ ನದಿ ಸಿಗುವುದಿಲ್ಲ. ಮೂರೂ ಒಂದೇ ಚಿತ್ರದಲ್ಲಿ ಬರಬೇಕೆಂದರೆ ಮೇಲಕ್ಕೆ ಹೋಗಲೇಬೇಕು.

★ ಹೂವರ್ ಅಣೆಕಟ್ಟು ಬಿಲ್ಲಿನಂತೆ ಬಾಗಿದೆ. ಬಾಗಿನ ಉಬ್ಬು ನೀರಿನ ಕಡೆಗಿದೆ. ನೀರು ಒತ್ತಿದಷ್ಟೂ ಗೋಡೆ ತನ್ನ ಎರಡು ತುದಿಗಳನ್ನು ಕಣಿವೆಯ ಬಂಡೆಗೆ ಬಿಗಿಯಾಗಿ ಆನಿಸಿಕೊಳ್ಳುತ್ತದೆ. ಬುಡದಲ್ಲಿ ಸುಮಾರು 200 ಮೀಟರ್ ದಪ್ಪವಿರುವ ಗೋಡೆ ತಲೆಯಲ್ಲಿ ಬರೀ 14 ಮೀಟರ್. ಈ ಲೆಕ್ಕಾಚಾರವನ್ನೆಲ್ಲ ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ ಆಕಾಶದಿಂದ ತೆಗೆದ ಒಂದು ಚಿತ್ರ ನೋಡಿದರೆ ಬೇಗ ಅರ್ಥವಾಗುತ್ತದೆ.

★ ಆಕಾಶದಿಂದ ಮೊದಲ ಛಾಯಾಚಿತ್ರ ತೆಗೆದದ್ದು 1858ರಲ್ಲಿ, ಫ್ರಾನ್ಸಿನ ನಾಡಾರ್. ಹೋಗಿದ್ದು ಬಲೂನಿನಲ್ಲಿ. ಮೊದಮೊದಲು ಗಾಜಿನ ತಟ್ಟೆಗಳ ಮೇಲೆ ಏನೂ ಮೂಡಲಿಲ್ಲ. ಬಲೂನಿನಿಂದ ಸೋರುತ್ತಿದ್ದ ಅನಿಲ ತಟ್ಟೆಗೆ ಸವರಿದ್ದ ಬೆಳ್ಳಿಯ ಲವಣವನ್ನು ಕೆಡಿಸುತ್ತಿತ್ತು. ಕಾರಣ ಹೊಳೆದು ಅನಿಲದ ಬಾಯಿ ಮುಚ್ಚಿದ ಮೇಲೆ ಚಿತ್ರ ಬಂತು. ಆ ಚಿತ್ರ ಇಂದು ಉಳಿದಿಲ್ಲ. ಉಳಿದವುಗಳಲ್ಲಿ ಅತಿ ಹಳೆಯದು 1860ರ ಅಕ್ಟೋಬರಿನಲ್ಲಿ ಜೇಮ್ಸ್ ವಾಲೆಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ.

★ ವಿಮಾನದಿಂದ ತೆಗೆದ ಆರಂಭದ ಚಲನಚಿತ್ರಗಳಲ್ಲಿ ಒಂದು 1909ರ ಏಪ್ರಿಲ್‌ನದು. ರೋಮ್ ಬಳಿಯ ಚೆಂಟೊಚೆಲ್ಲೆ ಬಯಲಿನಲ್ಲಿ ವಿಮಾನ ನಡೆಸಿದವರು ಸ್ವತಃ ವಿಲ್ಬರ್ ರೈಟ್.

★ ಆಕಾಶದಿಂದ ಚಿತ್ರ ತೆಗೆಯಲು ಹೆಚ್ಚು ಬಳಕೆಯಾಗುವ ಪುಟ್ಟ ವಿಮಾನಗಳಲ್ಲಿ ಸೆಸ್ನಾ 172 ಒಂದು. ನಾಲ್ಕೇ ಸೀಟು, ಒಂದೇ ಎಂಜಿನ್. 1956ರಿಂದ ಈಚೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಇನ್ನೊಂದು ವಿಮಾನ ಮಾದರಿಯಿಲ್ಲ. ಛಾಯಾಗ್ರಾಹಕರಿಗೆ ಇದು ಇಷ್ಟವಾಗುವುದು ರೆಕ್ಕೆಯ ಜಾಗದಿಂದಾಗಿ. ರೆಕ್ಕೆ ತಲೆಯ ಮೇಲಿದೆ, ಆದ್ದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಕಿಟಕಿಗೆ ಮೇಲಂಚಿನಲ್ಲಿ ಕೀಲು. ಅದನ್ನು ತಡೆಯುವ ಕಂಬಿಯನ್ನು ಮೊದಲೇ ಬಿಚ್ಚಿಟ್ಟಿದ್ದರೆ, ಹಾರಾಟದಲ್ಲಿ ಕಿಟಕಿ ತೆರೆದ ಕೂಡಲೇ ಗಾಳಿಯೇ ಅದನ್ನು ಎತ್ತಿ ರೆಕ್ಕೆಯ ಅಡಿಗೆ ಒತ್ತಿ ಹಿಡಿಯುತ್ತದೆ. ಛಾಯಾಗ್ರಾಹಕನಿಗೂ ಅಣೆಕಟ್ಟಿಗೂ ನಡುವೆ ಆಮೇಲೆ ಗಾಜೂ ಇರುವುದಿಲ್ಲ.

★ ಹೂವರ್ ಅಣೆಕಟ್ಟಿಗೆ ಹತ್ತಿರದ ಲಾಸ್ ವೇಗಸ್‌ನಿಂದ 1958ರ ಡಿಸೆಂಬರ್ 4ರಂದು ಮೇಲೆದ್ದ ಒಂದು ಸೆಸ್ನಾ 172 ನೆಲಕ್ಕಿಳಿದದ್ದು 1959ರ ಫೆಬ್ರವರಿ 7ರಂದು. ಅಂದರೆ 64 ದಿನ, 22 ಗಂಟೆ! ರಸ್ತೆಯಲ್ಲಿ ಓಡುವ ಟ್ರಕ್ಕಿನಿಂದ ಇಂಧನ, ಊಟ ಎರಡನ್ನೂ ಮೇಲಕ್ಕೆಳೆದುಕೊಳ್ಳುತ್ತ ಇಬ್ಬರು ಪೈಲಟ್‌ಗಳು ಸರದಿಯ ಮೇಲೆ ಹಾರಿಸಿದರು.

★ 90 ನಾಟ್, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿ ವೇಗದಲ್ಲಿ ಹೋಗುವ ವಿಮಾನ ಒಂದು ಸೆಕೆಂಡಿಗೆ 46 ಮೀಟರ್ ದಾಟುತ್ತದೆ. ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದರೂ ಅಷ್ಟರಲ್ಲೇ ವಿಮಾನ 4.6 ಸೆಂ.ಮೀ. ಮುಂದೆ ಹೋಗಿರುತ್ತದೆ. ದೂರದ ಅಣೆಕಟ್ಟಿನ ಚಿತ್ರದಲ್ಲಿ ಇದು ಗೊತ್ತಾಗದು. ಚಿತ್ರ ಕೆಡಿಸುವುದು ಎಂಜಿನ್ನಿನ ನಡುಕ. ಅದಕ್ಕೇ ಅನುಭವಿಗಳು ಮೊಣಕೈಯನ್ನಾಗಲಿ ಲೆನ್ಸನ್ನಾಗಲಿ ಕಿಟಕಿಯ ಚೌಕಟ್ಟಿಗೆ ತಾಗಿಸುವುದೇ ಇಲ್ಲ. ಕ್ಯಾಮೆರಾದ ಭಾರವನ್ನು ತಮ್ಮ ಮೈಮೇಲೆಯೇ ಹೊರುತ್ತಾರೆ. ಆ ಭಾರವಾದರೂ ಎಷ್ಟು? ಅಲಾಸ್ಕಾದ ಹಿಮಶಿಖರಗಳನ್ನು ಚಿತ್ರಿಸಿದ ಬ್ರ್ಯಾಡ್‌ಫರ್ಡ್ ವಾಷ್‌ಬರ್ನ್ ಅವರ ಫೇರ್‌ಚೈಲ್ಡ್ ಕ್ಯಾಮೆರಾ 53 ಪೌಂಡ್, ಅಂದರೆ 24 ಕಿಲೋ ತೂಗುತ್ತಿತ್ತು. ವಿಮಾನದ ಬಾಗಿಲು ಕಳಚಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದನ್ನು ಹಿಡಿದು ಕೂರುತ್ತಿದ್ದರು.

★ ವಿಲಿಯಂ ಗಾರ್ನೆಟ್ (1916–2006) ಅವರದು ಇನ್ನೊಂದು ರೀತಿ. ತಮ್ಮ ಸೆಸ್ನಾವನ್ನು ತಾವೇ ಹಾರಿಸುತ್ತ, ತಾವೇ ಚಿತ್ರ ತೆಗೆಯುತ್ತಿದ್ದರು.

★ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದೇಕೆ? ಓರೆ ಬಿಸಿಲು ಕಮಾನಿನ ತಿರುವನ್ನೂ ಸೇತುವೆಯ ಕಂಬಗಳನ್ನೂ ನೆರಳಿನಿಂದ ಎತ್ತಿ ತೋರಿಸುತ್ತದೆ ಎಂಬುದು ಒಂದು ಕಾರಣ. ಬಿಸಿಲೇರಿ ಬಂಡೆ ಕಾದರೆ ಕಣಿವೆಯಲ್ಲಿ ಗಾಳಿ ಎದ್ದು ಸಣ್ಣ ವಿಮಾನವನ್ನು ಕುಲುಕಾಡಿಸುತ್ತದೆ ಎಂಬುದು ಇನ್ನೊಂದು. ಕಣಿವೆಯೊಳಗೆ ಹಾರುವ ಪೈಲಟ್ ನಟ್ಟನಡುವೆ ಹೋಗುವುದಿಲ್ಲ, ಒಂದು ಮಗ್ಗುಲು ಹಿಡಿದು ಹೋಗುತ್ತಾನೆ. ಹಿಂತಿರುಗಬೇಕಾದಾಗ ಕಣಿವೆಯ ಪೂರ್ತಿ ಅಗಲ ಕೈಗೆ ಸಿಗಲಿ ಎಂದು.

★ ಓರೆಯಾಗಿ ತೆಗೆದ ಚಿತ್ರ ಕಣ್ಣಿಗೆ ಹಬ್ಬ. ನೆಟ್ಟಗೆ ಕೆಳಮುಖವಾಗಿ ತೆಗೆದದ್ದು ಅಳತೆಗೆ ಆಧಾರ. 152 ಮಿ.ಮೀ. ಲೆನ್ಸ್ ಹಿಡಿದು ನೆಲದಿಂದ 1,520 ಮೀಟರ್ ಮೇಲೆ ಹಾರಿದರೆ ಚಿತ್ರದ ಒಂದು ಸೆಂ.ಮೀ. ನೆಲದ ಮೇಲಿನ 100 ಮೀಟರ್‌ಗೆ ಸಮ. ಸರ್ವೆ ಕ್ಯಾಮೆರಾದ ಫಿಲ್ಮ್ 23 ಸೆಂ.ಮೀ. ಅಗಲ. ಕನ್ನಂಬಾಡಿ ಕಟ್ಟೆಯನ್ನು ಅಡ್ಡಲಾಗಿ ಇಟ್ಟರೆ 26 ಸೆಂ.ಮೀ. ಆಗಿ ಅಂಚು ಮೀರುತ್ತದೆ!

★ ಹೀಗಾಗಿ ಒಂದರ ಮೇಲೊಂದು ಹೊಂದುವಂತೆ ಸಾಲಾಗಿ ಚಿತ್ರ ತೆಗೆಯುತ್ತಾರೆ. ಒಂದು ಚಿತ್ರದ ಸುಮಾರು 60% ಭಾಗ ಮುಂದಿನದರಲ್ಲೂ ಬರಬೇಕು. ಒಂದೇ ಜಾಗ ಎರಡು ಕಡೆಯಿಂದ ಕಂಡಂತಾಗಿ, ನಮ್ಮ ಎರಡು ಕಣ್ಣುಗಳು ಮಾಡುವ ಕೆಲಸವನ್ನೇ ಈ ಜೋಡಿ ಚಿತ್ರಗಳು ಮಾಡುತ್ತವೆ. ಸ್ಟೀರಿಯೋಸ್ಕೋಪಿನಲ್ಲಿ ನೋಡಿದರೆ ಗುಡ್ಡ ಮೇಲೆದ್ದು, ಕಣಿವೆ ಕೆಳಗಿಳಿದು ಕಾಣುತ್ತದೆ. ಅಣೆಕಟ್ಟು ಕಟ್ಟುವ ಮೊದಲೇ ಎಷ್ಟು ಹೊಲ, ಎಷ್ಟು ಊರು ಮುಳುಗುತ್ತವೆ ಎಂದು ಗೆರೆ ಎಳೆಯಲು ಈ ವಿದ್ಯೆ ನೆರವಾಗುತ್ತದೆ.

★ ಸೂರ್ಯ ಬಾನಿನಲ್ಲಿ 45 ಡಿಗ್ರಿ ಎತ್ತರದಲ್ಲಿರುವಾಗ ಸಮತಟ್ಟಾದ ನೆಲದ ಮೇಲೆ ಬಿದ್ದ ಕಂಬದ ನೆರಳು ಕಂಬದ ಎತ್ತರಕ್ಕೆ ಸಮ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎತ್ತರವನ್ನು ನೆರಳು ಅಳೆದೇ ಹೇಳಬಹುದು.

★ ಅದೇ ನೆರಳು ಮೋಸವನ್ನೂ ಮಾಡುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ನಂಬಿಕೊಂಡಿದೆ. ನೆರಳು ನಮ್ಮಿಂದ ಆಚೆಗೆ ಬಿದ್ದಂತೆ ಚಿತ್ರವನ್ನು ಹಿಡಿದರೆ ಏರಿ ಹಳ್ಳವಾಗಿಯೂ ಹಳ್ಳ ಏರಿಯಾಗಿಯೂ ಕಾಣಬಹುದು. ಚಿತ್ರವನ್ನು ತಲೆಕೆಳಗು ಮಾಡಿ, ಎಲ್ಲ ಸರಿಹೋಗುತ್ತದೆ. ಫೋನಿನಲ್ಲಿ ಉಪಗ್ರಹ ಚಿತ್ರ ನೋಡುವಾಗ ನೀವೂ ಪರೀಕ್ಷಿಸಬಹುದು.

★ ಅಣೆಕಟ್ಟಿನ ವೈಮಾನಿಕ ಚಿತ್ರಗಳಲ್ಲಿ ಬಹಳ ಪ್ರಸಿದ್ಧವಾದದ್ದು ಒಡೆದ ಅಣೆಕಟ್ಟಿನದು. 1943ರ ಮೇ 16ರ ರಾತ್ರಿ ಬ್ರಿಟನ್ನಿನ 19 ಲ್ಯಾಂಕಾಸ್ಟರ್ ವಿಮಾನಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. ನೀರಿನ ಮೇಲೆ ಕಲ್ಲು ಎಸೆದು ಕಪ್ಪೆ ಕುಣಿಸುವ ಮಕ್ಕಳಾಟ ಗೊತ್ತಲ್ಲ, ಬಾರ್ನ್ಸ್ ವಾಲಿಸ್ ರೂಪಿಸಿದ ಬಾಂಬು ಅದೇ ರೀತಿ ನೀರಿನ ಮೇಲೆ ಪುಟಿಯುತ್ತ ಗೋಡೆ ಮುಟ್ಟಬೇಕಿತ್ತು. ಅದಕ್ಕೆ ವಿಮಾನ ಸರಿಯಾಗಿ 60 ಅಡಿ ಎತ್ತರದಲ್ಲಿರಬೇಕು. ಕತ್ತಲಲ್ಲಿ ಅಳೆಯುವುದು ಹೇಗೆ? ವಿಮಾನದ ಅಡಿಗೆ ಓರೆಯಾಗಿ ಎರಡು ದೀಪ ಕಟ್ಟಿದರು. ನೀರಿನ ಮೇಲೆ ಎರಡು ಬೆಳಕಿನ ವೃತ್ತಗಳು ಒಂದಕ್ಕೊಂದು ತಾಗಿದರೆ 60 ಅಡಿ. ಆ ಅಣೆಕಟ್ಟುಗಳಲ್ಲಿ ಒಂದಾದ ಮೊನೆ ಅಣೆಕಟ್ಟಿನ ಮೇಲಿದ್ದ ಎರಡು ಗೋಪುರಗಳ ನಡುವಿನ ಅಂತರ ನೋಡಿ ದೂರ ಗೊತ್ತುಮಾಡಿಕೊಂಡರು.

ಮರುದಿನ ಬೆಳಿಗ್ಗೆ ಒಬ್ಬನೇ ಪೈಲಟ್, ಜೆರ್ರಿ ಫ್ರೇ, ಕ್ಯಾಮೆರಾ ಹೊತ್ತ ಸ್ಪಿಟ್‌ಫೈರ್‌ನಲ್ಲಿ ಹೋದ. ದೂರದಲ್ಲಿ ಮೋಡದಂತೆ ಏನೋ ಕಂಡಿತು. ಹತ್ತಿರವಾದಂತೆ ತಿಳಿಯಿತು: ಅದು ಮೋಡವಲ್ಲ, ಊರೂರು ತುಂಬಿ ಹರಿಯುತ್ತಿದ್ದ ನೀರಿನ ಮೇಲಿನ ಬಿಸಿಲು. ಮೊನೆಯ ಗೋಡೆಯಲ್ಲಿ ಸುಮಾರು 77 ಮೀಟರ್ ಅಗಲದ ಬಾಯಿ. ಆ ಚಿತ್ರ ಇಂದಿಗೂ ಯುದ್ಧದ ಇತಿಹಾಸದ ಪುಸ್ತಕಗಳಲ್ಲಿದೆ. ಚಿತ್ರದಲ್ಲಿ ಕಾಣದವರೂ ಇದ್ದಾರೆ. ಆ ರಾತ್ರಿಯ ದಾಳಿಯಲ್ಲಿ 53 ವೈಮಾನಿಕರು ಸತ್ತರು. ಪ್ರವಾಹಕ್ಕೆ ಬಲಿಯಾದವರು ಸುಮಾರು 1,600 ಮಂದಿ. ಅವರಲ್ಲಿ ಹೆಚ್ಚಿನವರು ಸೋವಿಯತ್ ನೆಲ ಮೊದಲಾದ ಕಡೆಗಳಿಂದ ಹಿಡಿದು ತಂದು ದುಡಿಸಿಕೊಳ್ಳುತ್ತಿದ್ದ ಸೆರೆಯಾಳುಗಳು. ಇಷ್ಟು ಎತ್ತರದಿಂದ ಮನುಷ್ಯರು ಕಾಣುವುದಿಲ್ಲ; ಈ ಚಿತ್ರ ನೋಡುವಾಗಲೆಲ್ಲ ಅದನ್ನು ನೆನೆಯಬೇಕು.

★ ಗಾಳಿಯಿಲ್ಲದ ದಿನ ಜಲಾಶಯದ ನೀರು ಕನ್ನಡಿಯಂತಿರುತ್ತದೆ. ನೋಡಲು ಚೆಂದ, ಹಾರಲು ಅಪಾಯ. ನೀರು ಎಷ್ಟು ಕೆಳಗಿದೆ ಎಂಬುದು ಕಣ್ಣಿಗೆ ತಿಳಿಯದು. 1948ರ ಜುಲೈನಲ್ಲಿ ಹೂವರ್ ಅಣೆಕಟ್ಟಿನ ಹಿನ್ನೀರಾದ ಲೇಕ್ ಮೀಡ್ ಮೇಲೆ ವಿಜ್ಞಾನದ ಪ್ರಯೋಗಕ್ಕೆಂದು ಹಾರುತ್ತಿದ್ದ ಬಿ-29 ವಿಮಾನ ಹೀಗೆಯೇ ನೀರಿಗೆ ಬಡಿಯಿತು. ಒಳಗಿದ್ದ ಐವರೂ ಬದುಕಿದರು. ವಿಮಾನ ಇನ್ನೂ ಅಲ್ಲೇ ತಳದಲ್ಲಿದೆ.

★ ಅದೇ ಲೇಕ್ ಮೀಡ್ ಸುತ್ತ ಬಂಡೆಯ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟಿಯಿದೆ. ಒಂದು ಕಾಲಕ್ಕೆ ನೀರು ನಿಂತಿದ್ದ ಜಾಗದಲ್ಲಿ ಅದರ ಲವಣ ಅಂಟಿ ಉಳಿದ ಗುರುತು ಅದು. 2000ನೇ ಇಸವಿಗೆ ಹೋಲಿಸಿದರೆ 2022ರ ಬೇಸಿಗೆಯಲ್ಲಿ ನೀರು ಸುಮಾರು 50 ಮೀಟರ್ ಕೆಳಗಿಳಿದಿತ್ತು. ದಡದಲ್ಲಿ ನಿಂತವರಿಗೆ ಇದು ಒಂದು ಗೋಡೆ. ವಿಮಾನದಿಂದ ನೋಡಿದವರಿಗೆ ಕೆರೆಯ ಕೊಲ್ಲಿ ಕೊಲ್ಲಿಗೂ ಸುತ್ತುವರಿದ ಬಿಳಿ ಅಂಚು. ಇಡೀ ಪ್ರದೇಶದ ಬರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಪಟ್ಟಿಯನ್ನು ನಾನು ನೋಡಿಲ್ಲ.

★ ಲೇಕ್ ಮೀಡ್‌ನ ನೀರು ಇಳಿದಾಗ 1938ರಲ್ಲಿ ಮುಳುಗಿದ್ದ ಸೇಂಟ್ ಥಾಮಸ್ ಎಂಬ ಊರಿನ ಗೋಡೆ, ಮೆಟ್ಟಿಲುಗಳು ಹೊರಬಂದವು. ಕಾವೇರಿ ಬತ್ತಿದ ವರ್ಷಗಳಲ್ಲಿ ಹಳೆ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ನೋಡಲು ಹೋಗುತ್ತಿದ್ದ ಮೈಸೂರು, ಮಂಡ್ಯದ ಹಿರಿಯರಿಗೆ ಈ ದೃಶ್ಯ ಹೊಸದೇನಲ್ಲ. ಆ ಗುಡಿಯನ್ನು ಈಗ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಲಾಗಿದೆ.

★ ಹೂವರ್ ಅಣೆಕಟ್ಟು ಇರುವುದು ಕೊಲರಾಡೋ ನದಿಗೆ ಅಡ್ಡಲಾಗಿ. ಸ್ಪ್ಯಾನಿಷ್ ಭಾಷೆಯಲ್ಲಿ ಕೊಲರಾಡೋ ಅಂದರೆ ಕೆಂಪಗಿನದು. ಮಣ್ಣು ಹೊತ್ತು ಹರಿಯುತ್ತಿದ್ದ ನದಿಗೆ ಒಪ್ಪುವ ಹೆಸರೇ. ಅದೇ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ತಡೆಯತೊಡಗಿದ ಮೇಲೆ ಮಣ್ಣು ಹಿನ್ನೀರಿನಲ್ಲೇ ಹೂಳಾಗಿ ಕೂತಿತು. ಕೆಳಗೆ ಹೊರಬೀಳುವುದು ಆಳದ ತಣ್ಣನೆಯ, ತಿಳಿಯಾದ, ಹಸಿರು ನೀರು. ಮಣ್ಣು ಸಿಗದೆ ಕೆಳಗಿನ ಗ್ರ್ಯಾಂಡ್ ಕ್ಯಾನ್ಯನ್‌ನ ಮರಳುದಿಣ್ಣೆಗಳು ಸವೆದವು. ಅವನ್ನು ಮತ್ತೆ ಕಟ್ಟಲು 1996ರಲ್ಲಿ ಮೊದಲ ಬಾರಿಗೆ ಬೇಕೆಂದೇ ಪ್ರವಾಹ ಬಿಡಲಾಯಿತು.

★ 2017ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಒರೋವಿಲ್ ಅಣೆಕಟ್ಟಿನ ಕೋಡಿಯ ಕಾಂಕ್ರೀಟು ಕಿತ್ತುಹೋಯಿತು. ಇದು 235 ಮೀಟರ್ ಎತ್ತರದ್ದು, ಆ ದೇಶದಲ್ಲೇ ಅತಿ ಎತ್ತರದ ಅಣೆಕಟ್ಟು. ಕೆಳಗಿನ ಊರುಗಳಿಂದ 1,80,000ಕ್ಕೂ ಹೆಚ್ಚು ಜನರನ್ನು ಖಾಲಿ ಮಾಡಿಸಿದರು. ಕೋಡಿಯ ಗುಂಡಿ ಎಷ್ಟು ದೊಡ್ಡದೆಂಬುದು ಜನರಿಗೆ ಮನವರಿಕೆಯಾದದ್ದು ಆಕಾಶದಿಂದ ತೆಗೆದ ಚಿತ್ರಗಳಿಂದ. ಅಣೆಕಟ್ಟು ಮಾತ್ರ ಉಳಿಯಿತು.

★ ಇನ್ನು ಸೇತುವೆಗಳು. ಡೆನ್ಮಾರ್ಕ್, ಸ್ವೀಡನ್‌ಗಳ ನಡುವಿನ ಓರೆಸುಂಡ್ ಸೇತುವೆಯನ್ನು ಮೇಲಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸುಮಾರು 8 ಕಿ.ಮೀ. ಸಮುದ್ರದ ಮೇಲೆ ಬಂದ ರಸ್ತೆ ಒಂದು ದ್ವೀಪ ಮುಟ್ಟಿ ಅಲ್ಲಿಂದ ಕಾಣೆಯಾಗುತ್ತದೆ! ಮುಂದಿನ 4 ಕಿ.ಮೀ. ಸಮುದ್ರದಡಿಯ ಸುರಂಗ. ಕಾರಣ ವಿಮಾನಗಳೇ. ಕೋಪನ್‌ಹೇಗನ್ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ಎತ್ತರದ ಗೋಪುರಗಳು ಹಾರುವ ದಾರಿಗೆ ಅಡ್ಡವಾಗುತ್ತಿದ್ದವು. ಆ ದ್ವೀಪವನ್ನೂ ಮನುಷ್ಯರೇ ಕಟ್ಟಿದ್ದು.

★ ಫ್ರಾನ್ಸಿನ ಮಿಯೋ ಸೇತುವೆ (2004) ನೆಟ್ಟಗಿಲ್ಲ. 2,460 ಮೀಟರ್ ಉದ್ದಕ್ಕೂ, 20 ಕಿ.ಮೀ. ತ್ರಿಜ್ಯದ ವೃತ್ತದ ತುಣುಕಿನಂತೆ, ಬಲು ನಯವಾಗಿ ಬಾಗಿದೆ. ಮುಂಜಾನೆ ಕಣಿವೆಯಲ್ಲಿ ಮಂಜು ತುಂಬಿದರೆ ಸೇತುವೆ ಮೋಡದ ಮೇಲೆ ತೇಲುತ್ತದೆ.

★ ನ್ಯೂಯಾರ್ಕಿನ ವೆರಜಾನೋ ತೂಗುಸೇತುವೆಯ ಎರಡು ಗೋಪುರಗಳು ಬುಡಕ್ಕಿಂತ ತುದಿಯಲ್ಲಿ ಸುಮಾರು 4 ಸೆಂ.ಮೀ. ಹೆಚ್ಚು ದೂರದಲ್ಲಿವೆ. ಎರಡೂ ನೆಟ್ಟಗೇ ಇವೆ, ದುಂಡಗಿರುವುದು ಭೂಮಿ. ಇದು ಯಾವ ವಿಮಾನದಿಂದಲೂ ಕಣ್ಣಿಗೆ ಕಾಣದು.

★ 1912ರ ಆಗಸ್ಟಿನಲ್ಲಿ ಫ್ರಾಂಕ್ ಮ್ಯಾಕ್ಲೀನ್ ಎಂಬ ವೈಮಾನಿಕ ಲಂಡನ್ನಿನ ಟವರ್ ಬ್ರಿಜ್‌ನ ಮೇಲ್ಸೇತುವೆಗೂ ಕೆಳಗಿನ ರಸ್ತೆಗೂ ನಡುವೆ ತನ್ನ ವಿಮಾನ ನುಗ್ಗಿಸಿದ್ದ.

★ ಅಣೆಕಟ್ಟುಗಳ ಬಳಿ ಸುತ್ತು ಹೊಡೆಯುತ್ತ ಕಾಲ ಕಳೆಯಬೇಡಿ ಎಂದು 2001ರ ಭಯೋತ್ಪಾದಕ ದಾಳಿಯ ನಂತರ ಅಮೆರಿಕ ತನ್ನ ಪೈಲಟ್‌ಗಳಿಗೆ ಸೂಚನೆ ಕೊಟ್ಟಿತು. ಭಾರತದಲ್ಲಿ ವಿಮಾನದಿಂದ ಚಿತ್ರ ತೆಗೆಯುವುದಕ್ಕೆ ನಿರ್ಬಂಧ 1937ರ ವಿಮಾನ ನಿಯಮಗಳಲ್ಲೇ ಇತ್ತು, 13ನೇ ನಿಯಮವಾಗಿ. ಡ್ರೋನ್‌ಗಳಿಗೆ 2021ರಲ್ಲಿ ಬೇರೆ ನಿಯಮಗಳೇ ಬಂದಿವೆ. ಅಣೆಕಟ್ಟಿನ ಮೇಲೆ ಡ್ರೋನ್ ಹಾರಿಸುವ ಹುಮ್ಮಸ್ಸಿರುವ ಯುವಕರು ಮೊದಲು ಅನುಮತಿ ಪಡೆಯಲಿ.

★ ಹಳೆಯ ಚಿತ್ರದ ಬೆಲೆ ಅದರ ದಿನಾಂಕದಲ್ಲಿದೆ. ನೀರು ಎಲ್ಲಿತ್ತು, ಯಾವ ವರ್ಷ, ಯಾವ ತಿಂಗಳು ಎಂದು ತಿಳಿದರೆ ಮಾತ್ರ ಇಂದಿನ ಚಿತ್ರದ ಪಕ್ಕದಲ್ಲಿಟ್ಟು ಹೂಳು, ಬರ, ಒತ್ತುವರಿಗಳನ್ನು ಅಳೆಯಬಹುದು. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಯಾವುದಾದರೂ ಜಲಾಶಯದ್ದೋ ಸೇತುವೆಯದ್ದೋ ಹಳೆಯ ಚಿತ್ರವಿದ್ದರೆ, ತೆಗೆದವರಿಗೆ ನೆನಪಿರುವಾಗಲೇ ಅವರನ್ನು ಕೇಳಿ, ಊರು, ತಿಂಗಳು, ಇಸವಿಯನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.