ನೆಲದ ಹೊನ್ನು, ಷೇರಿನ ಹೊನ್ನು

ಚಿನ್ನದ ಬೆಲೆ ಏರಿದಾಗಲೆಲ್ಲ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಮಗಳ ಮದುವೆಗೆ ಒಡವೆ ಮಾಡಿಸುವುದು ಹೇಗೆಂಬುದು ಒಂದು. ಚಿನ್ನವನ್ನು ಕೊಳ್ಳುವ ಬದಲು ಚಿನ್ನ ತೆಗೆಯುವವರ ಪಾಲನ್ನೇ ಕೊಂಡರೆ ಹೇಗೆಂಬುದು ಇನ್ನೊಂದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ನಿವೃತ್ತ ನೌಕರರಿಗೆ ಈ ಎರಡನೆಯ ಯೋಚನೆ ಬಲು ಮೋಹಕ. ಗ್ರಾಚ್ಯುಯಿಟಿಯ ಹಣ ಬ್ಯಾಂಕಿನಲ್ಲಿದೆ, ಬಡ್ಡಿ ಸಾಲದು, ಕೋಲಾರವೇನೂ ದೂರದ ಊರಲ್ಲ.

ಹಾಗಾದರೆ ಕೊಳ್ಳುವುದು ಯಾವ ಷೇರನ್ನು? ರಾಯಚೂರು ಜಿಲ್ಲೆಯ ಹಟ್ಟಿ ಗಣಿ ರಾಜ್ಯ ಸರ್ಕಾರದ ಕಂಪನಿಗೆ ಸೇರಿದ್ದು; ಅದರ ಷೇರು ಪೇಟೆಗೆ ಬಂದಿಲ್ಲ. ಕೋಲಾರದ ಗಣಿಯಂತೂ 2001ರ ಫೆಬ್ರವರಿ 28ರಂದು ಮುಚ್ಚಿಹೋಯಿತು. ಮುಂಬಯಿ ಷೇರು ಪೇಟೆಯಲ್ಲಿ ಸಾಮಾನ್ಯನ ಕೈಗೆ ಎಟಕುವುದು ಡೆಕ್ಕನ್ ಗೋಲ್ಡ್ ಮೈನ್ಸ್. ಇದು ನೆಲದಲ್ಲಿ ಚಿನ್ನವನ್ನು ಹುಡುಕುವ ಕೆಲಸದಿಂದ ಬೆಳೆದ ಕಂಪನಿ. ಗಂಡ ಕಾಗದ, ಪೆನ್ಸಿಲು ಹಿಡಿದು ಲಾಭದ ಲೆಕ್ಕ ಹಾಕುತ್ತಿರುವಾಗ ಹೆಂಡತಿ, “ಅಲ್ಲಾಂದ್ರೆ, ಇವರು ಇದುವರೆಗೆ ಎಷ್ಟು ತೊಲ ತೆಗೆದಿದ್ದಾರಂತೆ?” ಎಂದು ಕೇಳಿದರೆ, ಆ ಪ್ರಶ್ನೆ ಲೆಕ್ಕಕ್ಕಿಂತ ಹರಿತವಾದದ್ದು.

ಏಕೆಂದರೆ ಚಿನ್ನ ಕಂಡ ಮಾತ್ರಕ್ಕೆ ಗಣಿಯಾಗುವುದಿಲ್ಲ. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಈ ಕಂಪನಿಯ ಬಳಗ ನಿಕ್ಷೇಪವನ್ನು ಶೋಧಿಸಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2015ರಲ್ಲಿ ಕಾಯಿದೆ ಬದಲಾಗಿ, ಗುತ್ತಿಗೆಗಳನ್ನು ಹರಾಜಿನಲ್ಲಿ ಕೊಡುವ ಪದ್ಧತಿ ಬಂದಿತು. ಹಳೆಯ ಅರ್ಜಿದಾರರಿಗೆ ಉಳಿಸಿದ್ದ ಹಕ್ಕು 2021ರ ತಿದ್ದುಪಡಿಯಿಂದ ಅಳಿಯಿತು. ಚಿನ್ನವೇನೋ ಇದ್ದಲ್ಲಿಯೇ ಇತ್ತು. ಅದನ್ನು ತೆಗೆಯುವ ಅಧಿಕಾರವೇ ಕೈಜಾರಿತು!

ಅನಂತರ ಆಸೆಯೆಲ್ಲ ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿಯ ಕಡೆಗೆ ತಿರುಗಿತು. ಅಶೋಕನ ಶಾಸನಗಳಿರುವ ಎರ್ರಗುಡಿ ಇದರ ಸಮೀಪದಲ್ಲೇ ಇದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ ಇದೇ ಇರಬಹುದೆಂದು ಊಹಿಸಿದ ವಿದ್ವಾಂಸರೂ ಉಂಟು. ಆದರೆ ಹೂಡಿಕೆದಾರನಿಗೆ ಶಾಸನಕ್ಕಿಂತ ಪಾಲುದಾರಿಕೆ ಮುಖ್ಯ. ಈ ಯೋಜನೆ ಜಿಯೋಮೈಸೂರು ಎಂಬ ಬೇರೊಂದು ಕಂಪನಿಯದು. ಡೆಕ್ಕನ್ ಗೋಲ್ಡ್ ಅದರಲ್ಲಿ ಪಾಲುದಾರ ಮಾತ್ರ. ಗಣಿಯ ಚಿನ್ನವೆಲ್ಲ ತನ್ನ ಷೇರಿನದೇ ಎಂದು ಭಾವಿಸುವವನು ಪಾಲಿನೊಳಗಿನ ಪಾಲನ್ನು ಮರೆತಂತೆ.

ಷೇರು ಮಾರುವವರು ತಪ್ಪದೆ ಹೇಳುವ ಕಥೆ ಕೋಲಾರದ್ದು. ಮೈಸೂರು ಗಣಿ ಕಂಪನಿ ಲಂಡನ್ನಿನಲ್ಲಿ ಹುಟ್ಟಿದ್ದು 1880ರಲ್ಲಿ. ಕೆಲವೇ ವರ್ಷಗಳಲ್ಲಿ ಬಂಡವಾಳ ಕರಗಿತು. ಅಳಿದುಳಿದ ಹಣವನ್ನಾದರೂ ಹಂಚಿಬಿಡಿರೆಂದು ಷೇರುದಾರರು ಗದ್ದಲವೆಬ್ಬಿಸಿದರು. ಜಾನ್ ಟೇಲರ್ ಸಂಸ್ಥೆಯವರು ಅವರನ್ನು ಸಮಾಧಾನಪಡಿಸಿ ಇನ್ನೊಮ್ಮೆ ಅಗೆಯಿಸಿದರು. ಪ್ಲಮ್ಮರ್ ಎಂಬ ಗಣಿಗಾರ ಪ್ರಾಚೀನರು ತೋಡಿದ್ದ ಗುಂಡಿಗಳ ಜಾಡು ಹಿಡಿದು ಇಳಿದು ಚಾಂಪಿಯನ್ ಪದರವನ್ನು ಮುಟ್ಟಿದ. ಮುಂದೆ ಆ ನೆಲ ಸುಮಾರು 800 ಟನ್ ಚಿನ್ನ ಕೊಟ್ಟಿತು. ಕಥೆ ನಿಜ. ಅದೇ ಕಾಲದಲ್ಲಿ ನೆರೆಯ ವಯನಾಡಿನ ಚಿನ್ನಕ್ಕಾಗಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ, ಹಣ ನುಂಗಿ, ಹೆಸರಿಲ್ಲದೆ ಹೋದದ್ದೂ ಅಷ್ಟೇ ನಿಜ. ಪ್ಲಮ್ಮರನ ಹೆಸರು ಉಳಿಯಿತು. ಅಲ್ಲಿ ಹಣ ಕಳೆದುಕೊಂಡವರನ್ನು ನೆನೆಯುವವರು ಯಾರು?

ಕೋಲಾರವೂ ಕೊನೆಗೆ ಸೋತದ್ದು ಚಿನ್ನವಿಲ್ಲದೆ ಅಲ್ಲ. ಗಣಿ ಮೂರು ಕಿಲೋಮೀಟರಿಗಿಂತ ಕೆಳಗಿಳಿದಿತ್ತು, ಟನ್ ಕಲ್ಲಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಮಿಗೆ ಕುಸಿದಿತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಆದ್ದರಿಂದ ಷೇರು ಕೊಳ್ಳುವವರು ನಿಕ್ಷೇಪದ ಒಟ್ಟು ಗಾತ್ರವನ್ನು ಕೇಳಿ ಹಿಗ್ಗುವ ಮುನ್ನ ಟನ್ನಿಗೆ ಎಷ್ಟು ಗ್ರಾಂ, ಎಷ್ಟು ಆಳದಲ್ಲಿ, ಗುತ್ತಿಗೆ ಯಾರ ಹೆಸರಿನಲ್ಲಿ ಎಂಬ ವಿವರಗಳನ್ನು ವಾರ್ಷಿಕ ವರದಿಯಲ್ಲಿ ಹುಡುಕಬೇಕು.

ಇನ್ನೊಂದು ಸಂಗತಿಯುಂಟು. ಚಿನ್ನ ಮಾರಿ ಹಣ ಬರುವವರೆಗೂ ಇಂಥ ಕಂಪನಿಗಳು ಕೊರೆಯುವ ಯಂತ್ರಕ್ಕೂ ಸಂಬಳಕ್ಕೂ ಹೊಸ ಷೇರುಗಳನ್ನೇ ಹೊರಡಿಸಬೇಕಾಗುತ್ತದೆ. ಹಕ್ಕಿನ ಷೇರಿನ ಪತ್ರ ಬಂದ ದಿನ ಹಳೆಯ ಷೇರುದಾರ ಮತ್ತಷ್ಟು ಹಣ ಕಟ್ಟಬೇಕು. ಕಟ್ಟದಿದ್ದರೆ ಕಂಪನಿಯಲ್ಲಿ ಅವನ ಪಾಲು ತೆಳುವಾಗುತ್ತದೆ. ಗ್ರಾಚ್ಯುಯಿಟಿಯನ್ನೆಲ್ಲ ಮೊದಲೇ ಸುರಿದವರ ಬಳಿ ಆ ಹೊತ್ತಿಗೆ ಕಟ್ಟಲು ಏನೂ ಉಳಿದಿರುವುದಿಲ್ಲ.