ನಕ್ಷೆಯಿಲ್ಲದೆ ದಾರಿ ಹುಡುಕುವ ಪೆಟ್ಟಿಗೆಗಳು

ಜರ್ಮನಿ ಒಂದಾದ ಮೇಲೆ ಪೂರ್ವ ಬರ್ಲಿನ್‌ನ ಎಷ್ಟೋ ಬೀದಿಗಳಿಗೆ ತಾಮ್ರದ ತಂತಿಯ ಬದಲು ಫೈಬರ್ ಹಾಕಿ ಟೆಲಿಫೋನ್ ಕೊಟ್ಟರು. ಆ ಕಾಲಕ್ಕೆ ಅದೇ ಹೊಸತು. ಆದರೆ ಹಿಂದೆಯೇ ಬಂದ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್‌ಗೆ ತಾಮ್ರವೇ ಬೇಕಿತ್ತು. ಹೊಸ ತಂತಿ ಪಡೆದ ಬೀದಿಗಳೇ ವೇಗದ ಇಂಟರ್ನೆಟ್ಟಿಲ್ಲದೆ ಉಳಿದವು. 2002–03ರ ಸುಮಾರಿಗೆ ಅಲ್ಲಿನ ಜನ ಮನೆಗಳ ಮೇಲೆ ವೈಫೈ ರೂಟರ್ ಕಟ್ಟಿ, ಒಂದಕ್ಕೊಂದು ಕೊಂಡಿ ಹಾಕತೊಡಗಿದರು. ‘ಫ್ರೈಫುಂಕ್’ ಹುಟ್ಟಿದ್ದು ಹೀಗೆ. ಮುಂದೆ ಚರ್ಚ್ ಗೋಪುರಗಳ ಮೇಲೂ ಅದರ ಆಂಟೆನಾಗಳು ಏರಿದವು.

ಇಂಥ ಜಾಲದಲ್ಲಿ ಪ್ರತಿ ರೂಟರೂ ತನ್ನ ಮನೆಯದ್ದಲ್ಲದೆ ನೆರೆಯವರ ದತ್ತಾಂಶವನ್ನೂ ಹೊತ್ತು ದಾಟಿಸಬೇಕು. ನೂರಾರು ಪೆಟ್ಟಿಗೆಗಳ ನಡುವೆ ದಾರಿ ಯಾವುದು? ಮೊದಲು ಬಳಸಿದ ಓಎಲ್‌ಎಸ್‌ಆರ್ ಪದ್ಧತಿಯಲ್ಲಿ ಪ್ರತಿ ರೂಟರೂ ಇಡೀ ಜಾಲದ ನಕ್ಷೆ ಇಟ್ಟುಕೊಂಡು ಮತ್ತೆ ಮತ್ತೆ ಲೆಕ್ಕ ಹಾಕಬೇಕಿತ್ತು. ಜಾಲ ಬೆಳೆದಂತೆ ಆ ಪುಟ್ಟ ಪ್ರೊಸೆಸರುಗಳು ಏದುಸಿರು ಬಿಟ್ಟವು.

2006ರಲ್ಲಿ ಫ್ರೈಫುಂಕ್ ಬಳಗದವರು ನಕ್ಷೆಯನ್ನೇ ಕೈಬಿಟ್ಟರು. ‘ಬ್ಯಾಟ್‌ಮ್ಯಾನ್’ ಎಂಬ ಅವರ ಹೊಸ ಪದ್ಧತಿಯಲ್ಲಿ ಪ್ರತಿ ರೂಟರು ಆಗಾಗ ‘ನಾನಿದ್ದೇನೆ’ ಎಂಬ ಚಿಕ್ಕ ಸಂದೇಶ ಬಿಡುತ್ತದೆ. ಕೇಳಿದವರು ಅದನ್ನು ಮುಂದೆ ದಾಟಿಸುತ್ತಾರೆ. ದುರ್ಬಲ ಕೊಂಡಿಗಳಲ್ಲಿ ಸಂದೇಶ ಕಳೆದುಹೋಗುತ್ತದೆ. ದೂರದ ಒಂದು ರೂಟರಿನ ಸಂದೇಶ ಯಾವ ನೆರೆಯವನ ಮೂಲಕ ಹೆಚ್ಚು ಬಾರಿ ತಲುಪಿತೋ, ಆ ರೂಟರಿಗೆ ಕಳಿಸುವುದನ್ನು ಅವನ ಕೈಗೇ ಕೊಡುವುದು. ಪರಊರಿಗೆ ಹೊರಟವನಿಗೆ ಮುಂದಿನ ಕೈಮರ ಸಿಕ್ಕರೆ ಸಾಕು ಎಂಬಂತೆ. ಕಳೆದುಹೋಗುವುದನ್ನೇ ಅಳತೆಗೋಲು ಮಾಡಿಕೊಂಡ ಈ ಜಾಣ್ಮೆ ನನಗೆ ಬಹಳ ಮೆಚ್ಚು. 2011ರಲ್ಲಿ ಇದರ ಸುಧಾರಿತ ರೂಪ ಲಿನಕ್ಸ್ ಕರ್ನೆಲ್ಲಿಗೇ ಸೇರಿತು.

ಜಾಲ ಹೂಡುವಾಗ ಒಂದು ಎಚ್ಚರ ಬೇಕು. ಒಂದೇ ರೇಡಿಯೋ ಇರುವ ರೂಟರು ಕೇಳುವಾಗ ಹೇಳಲಾರದು. ಹಾಗಾಗಿ ಒಮ್ಮೆ ದಾಟಿಸಿದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ರೇಡಿಯೋ ಇದ್ದರೆ 5 ಗಿಗಾಹರ್ಟ್ಸ್ ರೂಟರುಗಳ ನಡುವಿನ ಕೊಂಡಿಗೆ, 2.4 ಗಿಗಾಹರ್ಟ್ಸ್ ಮನೆಯ ಫೋನುಗಳಿಗೆ ಎಂದು ಹಂಚಬಹುದು. ಕೊಂಡಿಯ ಎರಡೂ ತುದಿ ಒಂದೇ ಚಾನೆಲ್‌ನಲ್ಲಿರಬೇಕು. ಮನೆಯೊಳಗಿನ ವೈಫೈ ಮಾತ್ರ 1, 6, 11ರಲ್ಲಿ ನೆರೆಯವರು ಹಿಡಿಯದ ಒಂದನ್ನು ಆರಿಸಿಕೊಳ್ಳಲಿ. ಆ ಮೂರೂ ಒಂದರ ಮೇಲೊಂದು ಬೀಳುವುದಿಲ್ಲ.

ಇಂಟರ್ನೆಟ್ ಇರುವ ಮನೆಗಳು ತಾವು ಹೆಬ್ಬಾಗಿಲೆಂದು ಜಾಲಕ್ಕೆ ಸಾರುತ್ತವೆ. ಒಂದು ಮುಚ್ಚಿದರೆ ಉಳಿದವರು ಇನ್ನೊಂದಕ್ಕೆ ಹೊರಳುತ್ತಾರೆ. ಜರ್ಮನಿಯಲ್ಲಿ ಹೀಗೆ ಹಂಚಿಕೊಂಡವರಿಗೆ, ಬೇರೆಯವರು ಮಾಡಿದ ತಪ್ಪಿಗೂ ನೋಟಿಸು ಬರುವ ಭಯವಿತ್ತು. 2017ರ ಕಾನೂನು ತಿದ್ದುಪಡಿ ಅದನ್ನು ಬಹುಮಟ್ಟಿಗೆ ಕಳೆಯಿತು.